ಗಿಣ್ಣು ಗಟ್ಟಿಯಾಗುವುದು ಯಾಕೆ? ಕಡವಾಗಿ ಸಿಗುವ ಕಾವಲಿನ ಬಗ್ಗೆ ನಾಲ್ಕು ಮಾತು

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಶಾಲೆಯೊಂದರಲ್ಲಿ, ತಾಯಂದಿರೂ ಕೃಷಿಕರೂ ಹೆಚ್ಚಾಗಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಂದು ಬಿಟ್ಟ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತವರಲ್ಲಿ ಗಿಣ್ಣು ತಿನ್ನದವರು ಯಾರೂ ಇರಲಿಕ್ಕಿಲ್ಲ. ಹಟ್ಟಿಯಲ್ಲಿ ದನ ಕರು ಹಾಕಿದರೆ ನೆರೆಮನೆಗೂ ಒಂದು ತುಂಡು ಹೋಗಲೇಬೇಕು. ಮಾಡುವ ಕ್ರಮ ನಿಮಗೆಲ್ಲ ಗೊತ್ತುಂಟು. ಮೊದಲ ಹಾಲಿಗೆ ಬೆಲ್ಲ ಕರಗಿಸಿ, ಏಲಕ್ಕಿ ಹಾಕಿ, ತಟ್ಟೆಗೆ ಹೊಯ್ದು, ಆವಿಯಲ್ಲಿ ಬೇಯಿಸುವ ಅಟ್ಟಿನಳಗೆಯಲ್ಲಿ ಇಟ್ಟರೆ ಸ್ವಲ್ಪ ಹೊತ್ತಿಗೆ ಕತ್ತಿಯಲ್ಲಿ ಕೊಯ್ಯುವಷ್ಟು ಗಟ್ಟಿಯಾಗುತ್ತದೆ. ಅದಕ್ಕೆ ಹೆಪ್ಪು ಹಾಕಿಲ್ಲ, ಹುಳಿ ಹಿಂಡಿಲ್ಲ, ಹಿಟ್ಟು ಬೆರೆಸಿಲ್ಲ. ಅದೇ ದನದ ಹಾಲನ್ನು ಒಂದು ತಿಂಗಳು ಕಳೆದು ತಂದು ದಿನವಿಡೀ ಕುದಿಸಿದರೂ ಬತ್ತೀತೇ ವಿನಾ ಹೀಗೆ ಹೆಪ್ಪುಗಟ್ಟುವುದಿಲ್ಲ. ನನ್ನ ಅಜ್ಜಿ ತಟ್ಟೆಯನ್ನು ಓರೆ ಮಾಡಿ ನೋಡಿಯೇ ಇದು ಎಷ್ಟನೇ ಹಾಲು ಎಂದು ಹೇಳುತ್ತಿದ್ದರು. ಮೊದಲ ಹಾಲಿನದ್ದು ಅಲುಗುವುದಿಲ್ಲ, ಎರಡನೇ ದಿನದ್ದು ಮೆತ್ತಗೆ ನಡುಗುತ್ತದೆ, ಮೂರನೇ ದಿನದ್ದು ನೀರು ಬಿಡುತ್ತದೆ. ಅಜ್ಜಿಯ ಅಳತೆ ಸರಿಯಾಗಿಯೇ ಇತ್ತು. ಅವರು ಏನನ್ನು ಅಳೆಯುತ್ತಿದ್ದರು ಎಂಬುದು ನನಗೆ ತಿಳಿದದ್ದು ಮಾತ್ರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ಸೇರಿ ಎಷ್ಟೋ ವರ್ಷ ಕಳೆದ ಮೇಲೆ.

ಅವರು ಅಳೆಯುತ್ತಿದ್ದದ್ದು ಪ್ರತಿಕಾಯಗಳನ್ನು. ಡಾಕ್ಟರರು ಆಂಟಿಬಾಡಿ ಎನ್ನುವುದು ಇದನ್ನೇ. ಒಳ್ಳೆಯ ಮೊದಲ ಹಾಲಿನಲ್ಲಿ ಲೀಟರಿಗೆ 50 ಗ್ರಾಂಗೂ ಮೀರಿ ಪ್ರತಿಕಾಯ ಇರುತ್ತದೆ. ಮಾಮೂಲು ಹಾಲಿನಲ್ಲಿ ಲೀಟರಿಗೆ ಒಂದು ಗ್ರಾಂ ಕೂಡ ಇರುವುದಿಲ್ಲ. ಹಾಲಿನ ಮುಖ್ಯ ಪ್ರೋಟೀನು ಕೇಸೀನ್. ಅದು ಬಿಸಿಗೆ ಹೆದರುವುದಿಲ್ಲ, ಆದ್ದರಿಂದಲೇ ಹಾಲು ಉಕ್ಕಿದರೂ ಹಾಲಾಗಿಯೇ ಉಳಿಯುತ್ತದೆ. ಪ್ರತಿಕಾಯಗಳು ಹಾಗಲ್ಲ, ಮೊಟ್ಟೆಯ ಬಿಳಿಯ ಹಾಗೆ ಬಿಸಿ ತಾಗಿದರೆ ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ತೆಕ್ಕೆಬಿದ್ದು ಗಟ್ಟಿಯಾಗುತ್ತವೆ. ತಟ್ಟೆಯಲ್ಲಿ ನಾವು ಕೊಯ್ದು ತಿನ್ನುವ ಆ ತುಂಡಿನ ಗಟ್ಟಿತನ, ದನ ತನ್ನ ಕರುವಿಗೆಂದು ಕೂಡಿಟ್ಟ ಕಾವಲು.

ಕರುವಿಗೆ ಅದು ಯಾಕೆ ಅಷ್ಟು ಬೇಕು? ದನದ ಗರ್ಭಕೋಶದ ರಚನೆ ಹೇಗುಂಟೆಂದರೆ, ತಾಯಿಯ ರಕ್ತದ ಪ್ರತಿಕಾಯಗಳು ಹೊಟ್ಟೆಯೊಳಗಿನ ಕರುವಿಗೆ ದಾಟುವುದಿಲ್ಲ. ಅದು ಭೂಮಿಗೆ ಬೀಳುವಾಗ ರಕ್ತದಲ್ಲಿ ಪ್ರತಿಕಾಯ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೀಳುವುದು ಎಲ್ಲಿಗೆ? ಸೆಗಣಿ, ಗಂಜಲ, ಸೊಪ್ಪು ಇರುವ ಹಟ್ಟಿಗೆ. ಅದಕ್ಕೆ ಸಿಗುವ ಅವಕಾಶ ಸುಮಾರು ಒಂದು ಹಗಲು ಒಂದು ರಾತ್ರಿ ಮಾತ್ರ. ಹುಟ್ಟಿದ ಮೊದಲ 24 ಗಂಟೆಯಷ್ಟು ಹೊತ್ತು ಕರುವಿನ ಕರುಳು ಬಾಗಿಲು ತೆರೆದಿಟ್ಟ ಹಾಗೆ ಇರುತ್ತದೆ. ಕುಡಿದ ಪ್ರತಿಕಾಯ ಜೀರ್ಣವಾಗದೆ ಇಡಿಯಾಗಿ ರಕ್ತಕ್ಕೆ ಸೇರುತ್ತದೆ. ಗಂಟೆ ಕಳೆದ ಹಾಗೆ ಆ ಬಾಗಿಲು ಮುಚ್ಚುತ್ತಾ ಬರುತ್ತದೆ. ಮರುದಿನ ಸಂಜೆ ಬೊಗಸೆ ತುಂಬ ಗಿಣ್ಣುಹಾಲು ಕುಡಿಸಿದರೂ ಅದು ಆಹಾರವಾದೀತು, ಕಾವಲಾಗುವುದಿಲ್ಲ. ನಮ್ಮ ಕಾಸರಗೋಡು ಗಿಡ್ಡ ದನಗಳು ಕೊಡುವ ಹಾಲೇ ಕಡಿಮೆ. ಅದರಲ್ಲಿ ಮೊದಲ ಕೆಲವು ಗಂಟೆಯ ಹಾಲು ಕರುವಿನ ಹೊಟ್ಟೆ ತುಂಬಿದ ಮೇಲೆ ಉಳಿದರೆ ನಮಗೆ. ಇದನ್ನು ನಾನು ಬೇಡಿಕೊಳ್ಳುವ ಹಾಗೆಯೇ ಹೇಳುತ್ತಿದ್ದೇನೆ.

ಗಿಣ್ಣು ತಿಂದರೆ ಮನುಷ್ಯರಿಗೆ ರೋಗ ಬರುವುದಿಲ್ಲ ಎಂಬ ಮಾತು ಇತ್ತೀಚೆಗೆ ಬಹಳ ಕೇಳಿಬರುತ್ತದೆ. ಬೇಯಿಸಿದಾಗಲೇ ಅದರ ಪ್ರತಿಕಾಯ ಕೆಟ್ಟಿರುತ್ತದೆ. ಉಳಿದದ್ದನ್ನು ನಮ್ಮ ಹೊಟ್ಟೆ ಜೀರ್ಣ ಮಾಡುತ್ತದೆ. ರುಚಿಗೆ ತಿನ್ನಿ, ಪೌಷ್ಟಿಕಕ್ಕೆ ತಿನ್ನಿ, ಸಾಕು.

ಇವತ್ತು ನನಗೆ ಹೇಳಲಿಕ್ಕಿರುವ ಮುಖ್ಯ ವಿಷಯ ಈ ತಟ್ಟೆಯಿಂದಲೇ ಹೊರಡುತ್ತದೆ. ದೇಹದ ಕಾವಲಿನಲ್ಲಿ ಎರಡು ಬಗೆ. ಒಂದು, ಬಿಳಿ ರಕ್ತಕಣಗಳು. ಅವು ಜೀವಂತ, ಅವು ಅವರವರ ದೇಹದವು. ನನ್ನ ಬಿಳಿಕಣವನ್ನು ನಿಮ್ಮ ಮೈಗೆ ಹಾಕಿದರೆ ಅವು ನಿಮ್ಮನ್ನು ಪರಕೀಯರೆಂದು ನೋಡುತ್ತವೆ, ನಿಮ್ಮವು ಅವನ್ನು ಉಳಿಯಗೊಡುವುದಿಲ್ಲ. ಇನ್ನೊಂದು, ನೀರಿನಲ್ಲಿ ಕರಗಿರುವ ಕಾವಲು. ರಕ್ತದ ತಿಳಿಯಲ್ಲಿ, ಹಾಲಿನಲ್ಲಿ, ಕಣ್ಣೀರಿನಲ್ಲಿ, ಎಂಜಲಿನಲ್ಲಿ, ಮೂಗಿನ ಸಿಂಬಳದಲ್ಲಿ ಅದು ಕರಗಿ ಇರುತ್ತದೆ. ಕರಗಿರುವುದರಿಂದಲೇ ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ಹೊಯ್ಯಲಿಕ್ಕಾಗುತ್ತದೆ. ತಾಯಿ ಮಗುವಿಗೆ ಕೊಡುತ್ತಾಳೆ, ದನ ಕರುವಿಗೆ ಕೊಡುತ್ತದೆ, ಕುದುರೆ ಹಾವು ಕಡಿದವನಿಗೆ ಕೊಡುತ್ತದೆ. ಕಡ ತಂದ ಹಣದ ಹಾಗೆ ಅದು ಕೂಡಲೇ ಕೈಗೆ ಸಿಗುತ್ತದೆ, ಆದರೆ ಮುಗಿಯುತ್ತದೆ. ಸ್ವಂತ ಸಂಪಾದನೆ ತಡ, ಆದರೆ ಬಾಳುತ್ತದೆ.

ಲ್ಯಾಬಿನಲ್ಲಿ ನಾನು ದಿನಾ ನೋಡುತ್ತಿದ್ದದ್ದು ಈ ಕರಗಿದ ಭಾಗವನ್ನು. ಬರಿಯ ಟ್ಯೂಬಿನಲ್ಲಿ ರಕ್ತ ತೆಗೆದು ಅರ್ಧ ಗಂಟೆ ಅಲ್ಲಾಡಿಸದೆ ಇಟ್ಟರೆ ಕೆಂಪು ಭಾಗ ಹೆಪ್ಪುಗಟ್ಟಿ ಕೆಳಗೆ ಕುಗ್ಗುತ್ತದೆ. ಯಂತ್ರದಲ್ಲಿ ತಿರುಗಿಸಿ ತೆಗೆದರೆ ಮೇಲೆ ತೆಳು ಹಳದಿ ನೀರು ನಿಂತಿರುತ್ತದೆ. ಅದು ಸೀರಮ್. ಕುಚ್ಚಿಲಕ್ಕಿ ಗಂಜಿ ಬಸಿದಾಗ ಮೇಲೆ ನಿಲ್ಲುವ ತೆಳಿಯನ್ನು ನೆನಪಿಸಿಕೊಳ್ಳಿ, ಸುಮಾರಿಗೆ ಹಾಗೆ. ಊಟ ಮಾಡಿ ಬಂದವರದ್ದು ಮಸುಕು, ಕಾಮಾಲೆ ಇರುವವರದ್ದು ಅರಸಿನ. ವಯಸ್ಕನ ರಕ್ತದ ದ್ರವಭಾಗ ಸುಮಾರು ಮೂರು ಲೀಟರ್. ಅದರಲ್ಲಿ ಐಜಿಜಿ ಎಂಬ ಒಂದೇ ಬಗೆಯ ಪ್ರತಿಕಾಯ ಲೀಟರಿಗೆ ಹತ್ತು ಗ್ರಾಂನ ಆಸುಪಾಸು, ಅಂದರೆ ಒಟ್ಟು 30 ಗ್ರಾಂ. ಒಂದು ಸಣ್ಣ ಹಿಡಿಯಷ್ಟು ಸಕ್ಕರೆಯ ತೂಕ. ಹುಟ್ಟಿದಂದಿನಿಂದ ನಮ್ಮ ದೇಹ ಎದುರಿಸಿದ ಎಷ್ಟೋ ರೋಗಗಳ ನೆನಪು ಆ ಹಿಡಿಯೊಳಗೆ ಉಂಟು.

ಈ ತಿಳಿಯನ್ನು ಕಡ ಕೊಡಬಹುದು ಎಂದು ಮೊದಲು ತೋರಿಸಿಕೊಟ್ಟದ್ದು 1890ರಲ್ಲಿ, ಬರ್ಲಿನ್‌ನಲ್ಲಿ. ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಶಿಬಸಾಬುರೊ ಅವರು ಧನುರ್ವಾಯುವಿನ ವಿಷಕ್ಕೆ ಒಗ್ಗಿಸಿದ ಮೊಲದ ಸೀರಮ್ಮನ್ನು ಇಲಿಗಳಿಗೆ ಚುಚ್ಚಿದರು. ಆ ಇಲಿಗಳಿಗೆ ಧನುರ್ವಾಯು ವಿಷ ತಾಗಲಿಲ್ಲ. ಜೀವಕಣ ಒಂದೂ ದಾಟಲಿಲ್ಲ, ದಾಟಿದ್ದು ತಿಳಿ ಮಾತ್ರ. ಗಂಟಲಮಾರಿ, ಅಂದರೆ ಡಿಫ್ತೀರಿಯಾಕ್ಕೂ ಇದೇ ದಾರಿ ಹಿಡಿದು, ಕುದುರೆಗಳ ಸೀರಮ್ಮಿನಿಂದ ಯುರೋಪಿನಲ್ಲಿ ಅಸಂಖ್ಯ ಮಕ್ಕಳು ಬದುಕಿದರು. 1901ರಲ್ಲಿ ವೈದ್ಯಕೀಯದ ಮೊತ್ತಮೊದಲ ನೊಬೆಲ್ ಪ್ರಶಸ್ತಿ ಬೇರಿಂಗ್ ಅವರಿಗೆ ಬಂತು. ಕಿಟಸಾಟೊ ಅವರಿಗೂ ಅದರಲ್ಲಿ ಪಾಲು ಸಿಗಬೇಕಿತ್ತು ಎಂದು ನನ್ನ ಅಭಿಪ್ರಾಯ.

ಧನುರ್ವಾಯು ಎಂದಾಗ ನನ್ನ ಮನಸ್ಸು ಬೇರಿಂಗ್ ಅವರ ಇಲಿಗಳಿಗಿಂತ ಹೆಚ್ಚಾಗಿ ನಮ್ಮ ಅಜ್ಜಿಯಂದಿರ ಹೆರಿಗೆಗಳ ಕಡೆಗೆ ಹೋಗುತ್ತದೆ. ಹೊಕ್ಕುಳ ಬಳ್ಳಿಯನ್ನು ಕತ್ತಿಯಿಂದಲೋ ಬಿದಿರ ಸಿಬಿರಿನಿಂದಲೋ ಕೊಯ್ಯುತ್ತಿದ್ದ ಕಾಲ. ಚೆನ್ನಾಗಿ ಮೊಲೆ ಕುಡಿಯುತ್ತಿದ್ದ ಮಗು ವಾರದೊಳಗೆ ಬಾಯಿ ಬಿಡದಾಗುತ್ತದೆ, ಮುಟ್ಟಿದರೆ ಸೆಟೆಯುತ್ತದೆ, ಹೋಗಿಬಿಡುತ್ತದೆ. ಈಗ ಗರ್ಭಿಣಿಗೆ ಧನುರ್ವಾಯು, ಗಂಟಲಮಾರಿ ಎರಡಕ್ಕೂ ಸೇರಿದ ಟಿಡಿ ಚುಚ್ಚುಮದ್ದು ಕೊಡುತ್ತಾರಲ್ಲ, ಅದು ತಾಯಿಯ ಗಾಯಕ್ಕೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅದರ ದೊಡ್ಡ ಪ್ರಯೋಜನ ಮಗುವಿಗೆ. ಹೆಂಗಸಿನ ಗರ್ಭಕೋಶ ದನದ್ದರ ಹಾಗಲ್ಲ. ನಮ್ಮಲ್ಲಿ ಮಾಸು, ಅಂದರೆ ಪ್ಲಾಸೆಂಟಾ, ಐಜಿಜಿಯನ್ನು ಹಿಡಿದು ದಾಟಿಸಿ ಮಗುವಿನ ರಕ್ತಕ್ಕೆ ಬಿಡುತ್ತದೆ. ತಾನಾಗಿ ಸೋರುವುದಲ್ಲ, ಆರಿಸಿ ಸಾಗಿಸುವುದು. ಹೆಚ್ಚಿನ ಸಾಗಾಟ ಕೊನೆಯ ಮೂರು ತಿಂಗಳಲ್ಲಿ ನಡೆಯುವುದರಿಂದ ಏಳನೇ ತಿಂಗಳಲ್ಲೇ ಹುಟ್ಟಿದ ಮಗುವಿಗೆ ಸಿಗುವ ಪಾಲು ಕಡಿಮೆ. ತುಂಬು ತಿಂಗಳ ಮಗುವಿನಲ್ಲಿ ತಾಯಿಗಿಂತ ಒಂದು ತೂಕ ಜಾಸ್ತಿಯೇ ಇರುವುದುಂಟು. ತಾಯಂದಿರಲ್ಲಿ, ನವಜಾತ ಶಿಶುಗಳಲ್ಲಿ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ದೃಢವಾಯಿತು. ಅದರ ಹಿಂದೆ ಶುದ್ಧವಾದ ಹೆರಿಗೆಯೂ ಉಂಟು, ಮಾಸಿನ ಮೂಲಕ ದಾಟಿದ ಈ ಕಡವೂ ಉಂಟು.

ಐಜಿಎಂ ಎಂಬುದು ಐದು ಪ್ರತಿಕಾಯ ಒಟ್ಟಿಗೆ ಕಟ್ಟಿದ ಹಾಗಿರುವ ದೊಡ್ಡ ಕಣ. ಅದನ್ನು ಮಾಸು ದಾಟಿಸುವುದಿಲ್ಲ. ಆದ್ದರಿಂದ ಆಗತಾನೇ ಹುಟ್ಟಿದ ಮಗುವಿನ ರಕ್ತದಲ್ಲಿ ಯಾವುದಾದರೂ ರೋಗದ ಐಜಿಎಂ ಕಂಡರೆ ಅದು ಮಗು ತಾನೇ ಮಾಡಿದ್ದು, ಹೊಟ್ಟೆಯಲ್ಲಿರುವಾಗಲೇ ಸೋಂಕು ತಾಗಿದೆ ಎಂದು ಅರ್ಥ. ಅಂಥ ಒಂದು ಚೀಟಿ ಬರೆಯುವಾಗ ಕೈ ಭಾರವಾಗುತ್ತಿತ್ತು.

ಕಡ ಎಷ್ಟು ದಿನ ಬಾಳುತ್ತದೆ? ಐಜಿಜಿ ಸುಮಾರು ಮೂರು ವಾರಕ್ಕೆ ಅರ್ಧಕ್ಕೆ ಇಳಿಯುತ್ತದೆ, ಇನ್ನು ಮೂರು ವಾರಕ್ಕೆ ಕಾಲಿಗೆ. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ತಾಯಿ ಕೊಟ್ಟದ್ದು ತೀರುತ್ತಾ ಬಂದಿರುತ್ತದೆ, ಮಗುವಿನ ಸ್ವಂತ ಸಂಪಾದನೆ ಇನ್ನೂ ಎಳೆಯದು. ಎಲ್ಲ ತಾಯಂದಿರೂ ಹೇಳುವುದುಂಟು, ಆರು ತಿಂಗಳ ತನಕ ಮಗು ಚೆನ್ನಾಗಿತ್ತು, ಆಮೇಲೆ ಶೀತ ಬಿಡುವುದೇ ಇಲ್ಲ ಎಂದು. ಅದು ದೃಷ್ಟಿ ತಾಗಿದ್ದಲ್ಲ, ತಾಯಿಯ ಗಂಟು ಕರಗಿದ್ದು. ದಡಾರದ ಚುಚ್ಚುಮದ್ದನ್ನು ಒಂಬತ್ತು ತಿಂಗಳಿಗೆ ಕೊಡುವುದಕ್ಕೂ ಇದೇ ಕಾರಣ. ಅದಕ್ಕೆ ಮೊದಲೇ ಕೊಟ್ಟರೆ ಉಳಿದಿರುವ ತಾಯಿಯ ಪ್ರತಿಕಾಯವೇ ಲಸಿಕೆಯ ವೈರಸ್ಸನ್ನು ಹಿಡಿದು ಕೂರಿಸಿಬಿಡಬಹುದು, ಮಗುವಿನ ದೇಹ ಪಾಠ ಕಲಿಯುವುದಿಲ್ಲ.

ಈಗ ಎದೆಹಾಲು. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ.

ತಾಯಿಯ ಮೊದಲ ಹಾಲು ಹಳದಿ, ಅಂಟು, ಕೆಲವು ಚಮಚದಷ್ಟು ಮಾತ್ರ. ಅದರಲ್ಲಿ ಮುಖ್ಯವಾಗಿರುವುದು ಐಜಿಎ. ಇದು ರಕ್ತಕ್ಕಿಂತ ಹೆಚ್ಚಾಗಿ ಒದ್ದೆ ಜಾಗಗಳಲ್ಲಿ ಕೆಲಸ ಮಾಡುವ ಪ್ರತಿಕಾಯ. ಕಣ್ಣು, ಮೂಗು, ಬಾಯಿ, ಶ್ವಾಸನಾಳ, ಕರುಳು, ಹಾಲು. ನಮ್ಮ ದೇಹ ದಿನಕ್ಕೆ ಸುಮಾರು ಮೂರು ಗ್ರಾಂ ಐಜಿಎ ತಯಾರಿಸುತ್ತದೆ, ಉಳಿದೆಲ್ಲ ಬಗೆಯ ಪ್ರತಿಕಾಯ ಸೇರಿದರೂ ಇದಕ್ಕಿಂತ ಕಡಿಮೆ. ನಮ್ಮಲ್ಲಿ ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದ ಗೋಡೆಯ ಮುರಕಲ್ಲಿನಿಂದ ನೀರು ಜಿನುಗುವುದನ್ನು ನೀವು ನೋಡಿದ್ದೀರಿ. ನಮ್ಮ ಕರುಳಿನ ಗೋಡೆಯಿಂದ ಐಜಿಎ ಹಾಗೆ ಹನಿಹನಿಯಾಗಿ ಹೊರಬರುತ್ತಲೇ ಇರುತ್ತದೆ. ವ್ಯತ್ಯಾಸ ಏನೆಂದರೆ, ಇಲ್ಲಿ ಪ್ರತಿಯೊಂದು ಕಣವನ್ನೂ ಗೋಡೆಯ ಜೀವಕೋಶವೇ ಈ ಬದಿಯಿಂದ ಆ ಬದಿಗೆ ಹೊತ್ತು ಹಾಕುತ್ತದೆ. ಹೊರಗೆ ಬಿಡುವಾಗ ಅದಕ್ಕೊಂದು ಹೊದಿಕೆ ತೊಡಿಸುತ್ತದೆ, ಕರುಳಿನ ಪಾಚಕರಸ ಅದನ್ನು ಬೇಗ ಕೆಡಿಸದ ಹಾಗೆ.

ಕರುವಿನ ಹಾಗೆ ಮನುಷ್ಯರ ಮಗು ಈ ಐಜಿಎಯನ್ನು ರಕ್ತಕ್ಕೆ ಎಳೆದುಕೊಳ್ಳುವುದಿಲ್ಲ. ರಕ್ತದ ಪಾಲು ಮಾಸಿನ ಮೂಲಕ ಆಗಲೇ ಸಿಕ್ಕಿದೆಯಲ್ಲ. ಇದು ಬಾಯಿಯಿಂದ ಕರುಳಿನವರೆಗೆ ಒಳಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಂಡು, ರೋಗಾಣುಗಳು ಗೋಡೆಗೆ ಅಂಟದ ಹಾಗೆ ತಡೆಯುತ್ತದೆ. ಯಾವ ರೋಗಾಣು? ಇದು ನನ್ನನ್ನು ಇಂದಿಗೂ ಬೆರಗುಗೊಳಿಸುವ ವಿಷಯ. ತಾಯಿಯ ಕರುಳಿನಲ್ಲಿ ಒಂದು ರೋಗಾಣುವನ್ನು ಕಂಡು ಪಾಠ ಕಲಿತ ಕಣಗಳು ರಕ್ತದಲ್ಲಿ ಪ್ರಯಾಣ ಮಾಡಿ ಎದೆಗೆ ಬಂದು ನೆಲೆಸುತ್ತವೆ, ಅಲ್ಲಿ ಅದೇ ರೋಗಾಣುವಿನ ವಿರುದ್ಧ ಐಜಿಎ ಮಾಡುತ್ತವೆ. ಅಂದರೆ ನಿಮ್ಮ ಬಾವಿಯ ನೀರಿನಲ್ಲಿ, ನಿಮ್ಮ ಅಂಗಳದ ಮಣ್ಣಿನಲ್ಲಿ, ನಿಮ್ಮ ಮನೆಯವರ ಕೈಯಲ್ಲಿ ಏನುಂಟೋ ಅದಕ್ಕೇ ಸರಿಯಾದ ಮದ್ದು ನಿಮ್ಮ ಹಾಲಿನಲ್ಲಿ ಉಂಟು. ಡಬ್ಬಿಯ ಹಾಲಿನ ಪುಡಿಗೆ ನಮ್ಮ ಪೆರ್ಲ ಊರಿನ ಬಾವಿಯ ಪರಿಚಯ ಇಲ್ಲ.

ಅದರ ಜೊತೆ ಇನ್ನೆರಡು. ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನು ಕಬ್ಬಿಣದ ಅಂಶವನ್ನು ಬಿಗಿಯಾಗಿ ಹಿಡಿದಿಟ್ಟು, ಬೆಳೆಯಲು ಕಬ್ಬಿಣ ಬೇಕಾದ ಬ್ಯಾಕ್ಟೀರಿಯಾಗಳನ್ನು ಉಪವಾಸ ಕೆಡವುತ್ತದೆ. ಲೈಸೊಜೈಮ್ ಎಂಬುದು ಬ್ಯಾಕ್ಟೀರಿಯಾದ ಗೋಡೆಯನ್ನೇ ಕತ್ತರಿಸುತ್ತದೆ. ದನದ ಹಾಲಿಗಿಂತ ಹೆಂಗಸಿನ ಹಾಲಿನಲ್ಲಿ ಲೈಸೊಜೈಮ್ ಸಾವಿರಾರು ಪಟ್ಟು ಜಾಸ್ತಿ.

ಹಿಂದೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಮಗುವಿಗೆ ಜೇನೋ ಸಕ್ಕರೆ ನೀರೋ ನೆಕ್ಕಿಸುತ್ತಿದ್ದರು. ದನದ ಮೊದಲ ಹಾಲಿಗೆ ಕೊಟ್ಟ ಮರ್ಯಾದೆಯನ್ನು ಮಗಳ ಮೊದಲ ಹಾಲಿಗೆ ಕೊಡಲಿಲ್ಲ. ಈಗ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೇನನ್ನಂತೂ ಒಂದು ವರ್ಷದ ತನಕ ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬೀಜಾಣು ಎಳೆಯ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲದು. ಬಾಣಂತಿಗೆ ಹಾಲು ಬಾರದಿದ್ದರೆ ಬೇರೆ ತಾಯಂದಿರ ಹಾಲನ್ನು ಪರೀಕ್ಷಿಸಿ, ಹದವಾಗಿ ಬಿಸಿಮಾಡಿ ಕೊಡುವ ಎದೆಹಾಲಿನ ಬ್ಯಾಂಕುಗಳೂ ಇವೆ. ಏಷ್ಯಾದಲ್ಲೇ ಮೊದಲನೆಯದು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಶುರುವಾಯಿತು.

ಲೈಸೊಜೈಮ್ ಹೆಸರು ಬಂತು, ಅದರ ಕತೆ ಹೇಳಿಬಿಡುತ್ತೇನೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರಿಗೆ 1921ರ ಕೊನೆಗೆ ಒಮ್ಮೆ ಜೋರು ಶೀತ ಆಗಿತ್ತು. ತಮ್ಮದೇ ಮೂಗಿನ ಸಿಂಬಳವನ್ನು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಹಾಕಿ ನೋಡಿದರು. ಸಿಂಬಳದ ಸುತ್ತಲಿನ ಬ್ಯಾಕ್ಟೀರಿಯಾ ಕರಗಿಹೋಗಿತ್ತು. ಆಮೇಲೆ ಕಣ್ಣೀರು ಪರೀಕ್ಷಿಸಬೇಕೆಂದು ನಿಂಬೆ ಸಿಪ್ಪೆಯನ್ನು ಕಣ್ಣಿನ ಬಳಿ ಹಿಂಡಿಸಿಕೊಂಡು ತಾವೂ ಅತ್ತರು, ಜೊತೆಯವರನ್ನೂ ಅಳಿಸಿದರು. ಕಣ್ಣೀರಿನಲ್ಲಿ ಅದು ಇನ್ನೂ ಹೆಚ್ಚಿತ್ತು, ಎಂಜಲಿನಲ್ಲೂ ಇತ್ತು, ಕೋಳಿಮೊಟ್ಟೆಯ ಬಿಳಿಯಲ್ಲಿ ಹೇರಳವಾಗಿತ್ತು. 1922ರಲ್ಲಿ ಪ್ರಕಟಿಸಿದರು. ಆದರೆ ಅದು ಕರಗಿಸುತ್ತಿದ್ದದ್ದು ಹೆಚ್ಚಾಗಿ ನಮಗೆ ತೊಂದರೆ ಕೊಡದ ಬ್ಯಾಕ್ಟೀರಿಯಾಗಳನ್ನು. ಆದ್ದರಿಂದ ಔಷಧವಾಗಿ ಹೆಸರು ಮಾಡಲಿಲ್ಲ. ನಾನು ಇದನ್ನು ತಿರುಗಿಸಿ ನೋಡುತ್ತೇನೆ. ಅವು ತೊಂದರೆ ಕೊಡದೆ ಇರುವುದೇ ನಮ್ಮ ಕಣ್ಣೀರು ಅವನ್ನು ಪ್ರತಿಕ್ಷಣ ಕರಗಿಸುತ್ತಿರುವುದರಿಂದ ಆಗಿರಬಹುದಲ್ಲವೇ?

ಎಂಜಲಿನ ಬಗ್ಗೆಯೂ ಒಂದು ಮಾತು. ಎಂಜಲು ಮುಟ್ಟಬಾರದು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಇನ್ನೊಬ್ಬರ ಲೋಟಕ್ಕೆ ಬಾಯಿ ಹಾಕಬಾರದು, ಅದು ಸರಿಯೇ. ಆದರೆ ಸ್ವಂತ ಬಾಯಿಗೆ ಅದರ ಬೆಲೆ ಗೊತ್ತಾಗುವುದು ಅದು ಬತ್ತಿದಾಗ. ಬಾಯಿ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮಾಡಿಸಿಕೊಂಡವರನ್ನು ನಮ್ಮ ಜಿಲ್ಲೆಯಲ್ಲಿ ನೀವೂ ನೋಡಿದ್ದೀರಿ. ಎಲೆಅಡಿಕೆ, ಹೊಗೆಸೊಪ್ಪು ಹಾಕುವವರು ಇನ್ನೂ ಎಷ್ಟೋ ಜನ ಇದ್ದಾರೆ. ಜೊಲ್ಲು ಗ್ರಂಥಿ ಸುಟ್ಟುಹೋಗಿ ಬಾಯಿ ಒಣಗಿದವರ ಹಲ್ಲು ಬೇಗಬೇಗ ಹುಳುಕಾಗುತ್ತದೆ, ನಾಲಿಗೆಯ ಮೇಲೆ ಬಿಳಿ ಬೂಸ್ಟು ಹಿಡಿಯುತ್ತದೆ. ಬೂಸ್ಟನ್ನು ತಡೆಯುವ ಹಿಸ್ಟಾಟಿನ್ ಎಂಬ ಸಣ್ಣ ಪ್ರೋಟೀನುಗಳು, ಐಜಿಎ, ಲೈಸೊಜೈಮ್ ಎಲ್ಲ ಆ ಎಂಜಲಿನಲ್ಲಿದ್ದವು.

ಕಡ ಕೊಡಲು ಆಗುವ ಎಲ್ಲವೂ ಪ್ರತಿಕಾಯವಲ್ಲ. ಕಾಂಪ್ಲಿಮೆಂಟ್ ಎಂಬ ಇನ್ನೊಂದು ಗುಂಪು ಉಂಟು, ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳದ್ದು, ಹೆಚ್ಚಿನವು ಪಿತ್ತಜನಕಾಂಗದಲ್ಲಿ ತಯಾರಾಗುವಂಥವು. ಒಂದು ಎಚ್ಚೆತ್ತು ಮುಂದಿನದನ್ನು ಎಬ್ಬಿಸಿ, ಅದು ಅದರ ಮುಂದಿನದನ್ನು ಎಬ್ಬಿಸಿ, ಕೊನೆಗೆ ರೋಗಾಣುವಿನ ಪೊರೆಯಲ್ಲಿ ತೂತು ಕೊರೆಯುತ್ತವೆ. ನಮ್ಮ ಲ್ಯಾಬಿನಲ್ಲಿ ಸಿಫಿಲಿಸ್ ರೋಗ ಪತ್ತೆಮಾಡುವ ವಿಡಿಆರ್‌ಎಲ್ ಪರೀಕ್ಷೆಗೆ ಮೊದಲು ಸೀರಮ್ಮನ್ನು 56 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಇಡಬೇಕಿತ್ತು. ಹೊಸದಾಗಿ ಸೇರಿದಾಗ ಯಾಕೆಂದು ಕೇಳದೆ ಇಡುತ್ತಿದ್ದೆ. ಆ ಬಿಸಿಗೆ ಕಾಂಪ್ಲಿಮೆಂಟ್ ಸಾಯುತ್ತದೆ, ಪ್ರತಿಕಾಯ ಉಳಿಯುತ್ತದೆ. 1890ರ ದಶಕದಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಜೂಲ್ ಬೋರ್ಡೆ ಎಂಬ ಬೆಲ್ಜಿಯಮ್ಮಿನ ತರುಣ ಕಂಡುಕೊಂಡದ್ದು ಇದನ್ನೇ. ಬಿಸಿಮಾಡಿದ ಸೀರಮ್ ಬ್ಯಾಕ್ಟೀರಿಯಾವನ್ನು ಕೊಲ್ಲಲಿಲ್ಲ. ಅದಕ್ಕೆ ಬಿಸಿಮಾಡದ ತಾಜಾ ಸೀರಮ್ ಒಂದಿಷ್ಟು ಬೆರೆಸಿದರೆ ಮತ್ತೆ ಕೊಂದಿತು. ಇನ್ನೂ ಹೆಚ್ಚಿನ ಬಿಸಿಗೆ ಪ್ರತಿಕಾಯವೂ ಕೆಡುತ್ತದೆ, ಅಟ್ಟಿನಳಗೆಯಲ್ಲಿ ಆಗುವ ಹಾಗೆ.

ಈಗ ನಿಮ್ಮ ಕೈಗೆ ಬರುವ ಲ್ಯಾಬ್ ಚೀಟಿ. ಜ್ವರ ಬಂದ ಮರುದಿನವೇ ಬಂದು ಡೆಂಗಿಯ ಐಜಿಎಂ ಪರೀಕ್ಷೆ ಮಾಡಿಸಿ, ನೆಗೆಟಿವ್ ಎಂದು ಕಂಡು ತೋಟಕ್ಕೆ ಹೋದವರನ್ನು ನಾನು ಬಹಳ ನೋಡಿದ್ದೇನೆ. ಅಡಿಕೆ ಹಾಳೆಯಲ್ಲಿ, ರಬ್ಬರ್ ಚಿರಟೆಯಲ್ಲಿ ನೀರು ನಿಲ್ಲುವ ನಮ್ಮ ಊರಲ್ಲಿ ಡೆಂಗಿ ಹೊಸತಲ್ಲ. ದೇಹ ಪ್ರತಿಕಾಯ ಮಾಡಲು ದಿನ ಬೇಕು. ಜ್ವರದ ನಾಲ್ಕೈದನೇ ದಿನದಿಂದ ಐಜಿಎಂ ಕಾಣಲು ಶುರುವಾಗುತ್ತದೆ. ಮೊದಲ ದಿನಗಳಲ್ಲಿ ಹುಡುಕಬೇಕಾದದ್ದು ವೈರಸ್ಸಿನದ್ದೇ ತುಣುಕಾದ ಎನ್‌ಎಸ್1. ಇಲಿಜ್ವರಕ್ಕೂ ಸುಮಾರು ಹೀಗೆಯೇ, ಮೊದಲ ವಾರದಲ್ಲಿ ಪ್ರತಿಕಾಯ ಕಾಣದೆ ಇರಬಹುದು. ಗದ್ದೆ ತೋಡಿಗೆ ಇಳಿದವರಿಗೆ ಜ್ವರ ಬಂದರೆ ಚೀಟಿಗೆ ಕಾಯದೆ ಡಾಕ್ಟರರಿಗೆ ಆ ಮಾತು ಹೇಳಿ.

ಇದಕ್ಕೆ ತದ್ವಿರುದ್ಧ ವಿಡಾಲ್ ಪರೀಕ್ಷೆ. ಗಾಜಿನ ಮೇಲೆ ಒಂದು ಹನಿ ಸೀರಮ್, ಒಂದು ಹನಿ ಟೈಫಾಯಿಡ್ ಬ್ಯಾಕ್ಟೀರಿಯಾದ ದ್ರವ. ಕಡ್ಡಿಯಿಂದ ಬೆರೆಸಿ ಮೆಲ್ಲನೆ ತೂಗುತ್ತಾ ದೀಪದ ಕೆಳಗೆ ನೋಡಬೇಕು. ಪ್ರತಿಕಾಯ ಇದ್ದರೆ ಒಂದು ನಿಮಿಷದಲ್ಲಿ ಹಾಲಿನಂತಿದ್ದ ಹನಿ ಒಡೆದು ಸಣ್ಣ ರವೆಯ ಹಾಗೆ ಕಾಳು ಕಟ್ಟುತ್ತದೆ. ಪ್ರತಿಕಾಯಕ್ಕೆ ಎರಡು ಕೈ. ಒಂದು ಕೈಯಲ್ಲಿ ಒಂದು ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಮತ್ತೊಂದು, ಹೀಗೆ ಗೊಂಚಲು. ಕಣ್ಣಿಗೆ ಕಾಣದ ಪ್ರತಿಕಾಯ ಕಣ್ಣೆದುರೇ ಕೆಲಸ ಮಾಡುವುದನ್ನು ನೋಡುವ ಆ ನಿಮಿಷ ನನಗೆ ಎಂದೂ ಬೇಸರ ತರಲಿಲ್ಲ. ಆದರೆ ಅದನ್ನು ಓದುವುದರಲ್ಲಿ ಬಹಳ ತಪ್ಪು ನಡೆಯುತ್ತದೆ. ಹಿಂದೆಂದೋ ಬಂದ ಟೈಫಾಯಿಡ್, ಹಾಕಿಸಿಕೊಂಡ ಲಸಿಕೆ, ಅಥವಾ ಬೇರೆಯೇ ಜ್ವರ ಕೂಡ ಒಂದಿಷ್ಟು ಕಾಳು ಕಟ್ಟಿಸಬಹುದು. ಒಂದೇ ವಿಡಾಲ್ ಚೀಟಿ ಹಿಡಿದು ವರ್ಷವರ್ಷವೂ ನನಗೆ ಟೈಫಾಯಿಡ್ ಎಂದು ಮಾತ್ರೆ ನುಂಗಿದವರನ್ನು ಕಂಡು ಸಂಕಟಪಟ್ಟಿದ್ದೇನೆ. ನಿಜ ತಿಳಿಯಬೇಕಾದರೆ ಮಾತ್ರೆ ಶುರುಮಾಡುವ ಮೊದಲು ರಕ್ತದ ಕಲ್ಚರ್, ಅಂದರೆ ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ ಮಾಡಿಸಬೇಕು. ಕೇಳಿ ಮಾಡಿಸಿಕೊಳ್ಳಿ.

ಜ್ವರ ಬಂದಾಗ ಮೈಕೈ ನೋವು, ಬಾಯಿರುಚಿ ಹೋಗುವುದು, ಚಳಿಗೆ ಮುದುರುವುದು, ಇವನ್ನೆಲ್ಲ ರೋಗಾಣು ಮಾಡುತ್ತದೆ ಎಂದು ತಿಳಿದಿದ್ದೇವೆ. ಹೆಚ್ಚಿನದನ್ನು ಮಾಡುವುದು ನಮ್ಮದೇ ಸಂದೇಶವಾಹಕಗಳು, ಸೈಟೊಕೈನ್ ಎಂಬ ಕರಗುವ ಪ್ರೋಟೀನುಗಳು. ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮುಂತಾದವು ಮಿದುಳಿಗೆ ಸುದ್ದಿ ಮುಟ್ಟಿಸಿ ಮೈ ಬಿಸಿ ಏರಿಸುತ್ತವೆ. ಇಂಟರ್‌ಲ್ಯೂಕಿನ್-6 ಪಿತ್ತಜನಕಾಂಗವನ್ನು ಎಬ್ಬಿಸಿ ಸಿಆರ್‌ಪಿ ಎಂಬ ಪ್ರೋಟೀನನ್ನು ಮಾಡಿಸುತ್ತದೆ. ಚೀಟಿಯಲ್ಲಿ ಈಗ ಎಲ್ಲರಿಗೂ ಬರೆಯುವ ಆ ಸಿಆರ್‌ಪಿ. 1930ರಲ್ಲಿ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾ ರೋಗಿಗಳ ಸೀರಮ್ಮಿನಲ್ಲಿ ಮೊದಲು ಕಂಡದ್ದು. ಪ್ರತಿಕಾಯವನ್ನು ಗ್ರಾಂನಲ್ಲಿ ಅಳೆದರೆ ಈ ಸೈಟೊಕೈನುಗಳನ್ನು ಅಳೆಯುವುದು ಪಿಕೊಗ್ರಾಂನಲ್ಲಿ, ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ. ಅಷ್ಟು ಸಾಕು, ಇಡೀ ಮೈ ಹಾಸಿಗೆ ಹಿಡಿಯುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡೆನ್‌ಮನ್ ಮೊಟ್ಟೆಯೊಳಗಿನ ಪೊರೆಯಲ್ಲಿ, ಬಿಸಿಮಾಡಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ ಇಟ್ಟು ಪರೀಕ್ಷಿಸುವಾಗ ಕಂಡ ಇಂಟರ್‌ಫೆರಾನ್ ಕೂಡ ಇದೇ ಜಾತಿಯದ್ದು, ಪಕ್ಕದ ಜೀವಕೋಶಗಳಿಗೆ ಮುನ್ನೆಚ್ಚರಿಕೆ ಕೊಡುವಂಥದ್ದು.

ಕೋವಿಡ್ ಕಾಲ ನೆನಪಿರಬೇಕು. ದೇಶದ ಮೂರನೇ ಪ್ರಕರಣ 2020ರ ಫೆಬ್ರವರಿ 3ರಂದು ದೃಢಪಟ್ಟದ್ದು ನಮ್ಮ ಜಿಲ್ಲೆಯಲ್ಲೇ. ಆ ರೋಗ ವಿಷಮಿಸಿದವರಲ್ಲಿ ಎಷ್ಟೋ ಜನರ ಶ್ವಾಸಕೋಶವನ್ನು ಕೆಡಿಸಿದ್ದು ವೈರಸ್ಸಿನ ಜೊತೆಗೆ ಅಂಕೆ ಮೀರಿದ ಈ ಸಂದೇಶಗಳು. ಅದೇ ವರ್ಷ ಜೂನ್‌ನಲ್ಲಿ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಹಳೆ ಮದ್ದು ಆಮ್ಲಜನಕ ಬೇಕಾದವರ ಜೀವ ಉಳಿಸುತ್ತದೆ ಎಂದು ಸಾಬೀತಾದದ್ದು, ಅದು ಈ ಗದ್ದಲವನ್ನು ತಗ್ಗಿಸುವುದರಿಂದ. ಕಾವಲು ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ನಿಜವಲ್ಲ. ಇಮ್ಯೂನಿಟಿ ಹೆಚ್ಚಿಸುತ್ತದೆ ಎಂದು ಬರೆದ ಪುಡಿ ಡಬ್ಬಿಗಳನ್ನು ಕೊಳ್ಳುವಾಗ, ಇದರಲ್ಲಿ ಯಾವುದನ್ನು ಹೆಚ್ಚಿಸುತ್ತದೆ ಎಂದು ಒಮ್ಮೆ ಕೇಳಿ ನೋಡಿ.

ಮಾತು ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಅಣ್ಣ ಎದ್ದು ಕೇಳಿದರು: "ಹಾವಿನ ವಿಷಕ್ಕೆ ಕುದುರೆಯ ಸೀರಮ್ ಎಂದಿರಲ್ಲ, ಅದನ್ನು ಮನೆಯಲ್ಲೇ ತಂದಿಟ್ಟುಕೊಳ್ಳಬಹುದೋ? ನಮ್ಮ ತೋಟದಿಂದ ಆಸ್ಪತ್ರೆಗೆ ದೂರ ಉಂಟು."

ಇಡಬಾರದು ಅಣ್ಣ. ಯಾಕೆಂದು ಹೇಳುತ್ತೇನೆ. 1890ರ ದಶಕದಲ್ಲಿ ಆಲ್ಬರ್ಟ್ ಕಾಲ್ಮೆಟ್ ಮೊದಲಾದವರು ತೋರಿಸಿದ ದಾರಿಯಲ್ಲೇ ಇಂದಿಗೂ ಅದನ್ನು ತಯಾರಿಸುವುದು. ಕುದುರೆಗೆ ಸ್ವಲ್ಪಸ್ವಲ್ಪವಾಗಿ ವಿಷ ಚುಚ್ಚಿ ಒಗ್ಗಿಸಿ, ಅದರ ರಕ್ತದ ಪ್ರತಿಕಾಯವನ್ನು ಶುದ್ಧ ಮಾಡುತ್ತಾರೆ. ನಮ್ಮ ದೇಶದ ಔಷಧಕ್ಕೆ ಬೇಕಾದ ವಿಷದ ದೊಡ್ಡ ಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ. ಹಾವು ಹಿಡಿದು ವಿಷ ತೆಗೆದು ಕಾಡಿಗೆ ಬಿಡುವ ಆ ಜನರಿಗೆ ನಾವೆಲ್ಲ ಋಣಿಗಳು. ಈ ಔಷಧ ನಾಲ್ಕು ಹಾವಿಗೆ ಕೆಲಸ ಮಾಡುತ್ತದೆ: ನಾಗರ, ಕಟ್ಟುಹಾವು, ನಾವು ಕನ್ನಡಿ ಹಾವು ಎನ್ನುವ ಕೊಳಕುಮಂಡಲ, ಗರಗಸ ಮಂಡಲ. ನಮ್ಮ ಘಟ್ಟದ ಬುಡದಲ್ಲಿ ತರಗೆಲೆಯೊಳಗೆ ಮಲಗುವ, ಮೂಗಿನ ತುದಿ ಮೇಲೆದ್ದ ಸಣ್ಣ ಮಂಡಲದ ಹಾವಿಗೆ ಇದು ನಾಟುವುದಿಲ್ಲ. ಅದರ ಕಡಿತದಿಂದ ಮೂತ್ರಪಿಂಡ ಕೆಡುವುದುಂಟು, ಆಸ್ಪತ್ರೆಯಲ್ಲಿ ಬೇರೆ ಬಗೆಯ ಆರೈಕೆ ಬೇಕು. ಎರಡನೆಯದು, ಕುದುರೆಯ ಪ್ರೋಟೀನು ನಮ್ಮ ಮೈಗೆ ಪರಕೀಯ. ಕೆಲವರಿಗೆ ಕೊಟ್ಟ ನಿಮಿಷಗಳಲ್ಲೇ ಉಸಿರು ಕಟ್ಟಿ ರಕ್ತದೊತ್ತಡ ಕುಸಿಯಬಹುದು. ಆಗ ಪಕ್ಕದಲ್ಲಿ ಅಡ್ರಿನಾಲಿನ್ ಹಿಡಿದ ಡಾಕ್ಟರು ಇರಬೇಕು.

ಇದನ್ನು ಕೊಡಬೇಕೋ ಬೇಡವೋ ಎಂದು ತಿಳಿಯಲು ನಾವು ಮಾಡುತ್ತಿದ್ದ ಪರೀಕ್ಷೆ ಬಹಳ ಸರಳ. ಒಣಗಿದ ಹೊಸ ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಹಾಕಿ ಇಪ್ಪತ್ತು ನಿಮಿಷ ಮುಟ್ಟದೆ ಇಡುವುದು, ಆಮೇಲೆ ಓರೆ ಮಾಡಿ ನೋಡುವುದು. ಒಮ್ಮೆ ರಾತ್ರಿ ಎರಡು ಗಂಟೆಗೆ, ಅಡಿಕೆ ಹೆಕ್ಕುವಾಗ ಸಂಜೆ ಕಡಿಸಿಕೊಂಡವರನ್ನು ಕರೆತಂದಿದ್ದರು. ಎಲ್ಲೆಲ್ಲೋ ಹೋಗಿ ಬರುವಾಗ ಅಷ್ಟು ಹೊತ್ತಾಗಿತ್ತು. ಟ್ಯೂಬಿನ ಮುಂದೆ ಗಡಿಯಾರ ಇಟ್ಟು ಕುಳಿತೆ. ಇಪ್ಪತ್ತು ನಿಮಿಷ ಕಳೆದು ಓರೆ ಮಾಡಿದರೆ ರಕ್ತ ನೀರಿನ ಹಾಗೆ ಅತ್ತಿತ್ತ ಹರಿಯಿತು. ಔಷಧ ಶುರುಮಾಡಿದರು. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬು ಇಟ್ಟೆವು. ಬೆಳಗ್ಗೆ ಬಿಸಿಲು ಬಂದ ಮೇಲೆ ಅದನ್ನು ಓರೆ ಮಾಡಿದಾಗ ಒಳಗಿನದು ಅಲುಗಲಿಲ್ಲ. ಯಾವುದೋ ಊರಿನ ಯಾವುದೋ ಕುದುರೆಯ ಪ್ರತಿಕಾಯ ಆ ಟ್ಯೂಬಿನೊಳಗೆ ಕೆಲಸ ಮಾಡಿತ್ತು. ಜೀವ ಉಳಿಯಿತು. ಆದರೆ ಪ್ರತಿಕಾಯ ಹಿಡಿಯುವುದು ರಕ್ತದಲ್ಲಿ ತಿರುಗುವ ವಿಷವನ್ನು ಮಾತ್ರ, ಆಗಲೇ ಸತ್ತ ಮಾಂಸವನ್ನು ಅದು ಬದುಕಿಸುವುದಿಲ್ಲ. ಅವರ ಕಾಲಿನ ಎರಡು ಬೆರಳು ಹೋದವು.

ಮಕ್ಕಳಿಗೂ ದೊಡ್ಡವರಿಗೂ ಈ ಔಷಧದ ಪ್ರಮಾಣ ಒಂದೇ. ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಆದ್ದರಿಂದ ಪುಟ್ಟ ಮಗುವಿಗೆ ಇಷ್ಟೊಂದು ಬಾಟ್ಲಿ ಯಾಕೆ ಎಂದು ಆಸ್ಪತ್ರೆಯಲ್ಲಿ ಹೆದರಬೇಡಿ. ಕಾಲನ್ನು ಹಗ್ಗದಲ್ಲಿ ಬಿಗಿಯಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಹಾವನ್ನು ಹುಡುಕಿ ಕೊಲ್ಲಲು ಹೋಗಿ ಹೊತ್ತು ಕಳೆಯಬೇಡಿ. ಕಡಿದ ಹೊತ್ತು ಎಷ್ಟು ಗಂಟೆ ಎಂದು ನೋಡಿಟ್ಟುಕೊಂಡು, ಸಿಕ್ಕಿದ ಮೊದಲ ಗಾಡಿಯಲ್ಲಿ ಹೊರಡಿ. ನಿಮ್ಮ ತೋಟದಿಂದ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಔಷಧ ಇಟ್ಟಿದ್ದಾರೆ ಎಂದು ನಾಳೆಯೇ ಹೋಗಿ ಕೇಳಿ, ಅಲ್ಲಿಯ ಫೋನ್ ನಂಬರನ್ನು ಅಡಿಕೆ ಒಣಗಿಸುವ ಅಂಗಳದ ಗೋಡೆಯ ಮೇಲೆ, ಕೆಲಸದವರಿಗೂ ಕಾಣುವ ಹಾಗೆ ದೊಡ್ಡದಾಗಿ ಬರೆದಿಡಿ.